ಸರ್ವಾನುಮತದಿಂದ ಅರ್ಥವಾಯಿತು

ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ಆಟೋ ಓಡಿಸುವವರು, ಗಲ್ಫಿನಿಂದ ರಜೆಯಲ್ಲಿ ಬಂದವರು, ಇವರೆಲ್ಲ ಸೇರಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಸರಕಾರಿ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ಮೇಲೆ ಕಣ್ಣಿಟ್ಟಿರುತ್ತಾರೆ ಅಂದರೆ ನಂಬುತ್ತೀರಾ? ನಂಬಲೇಬೇಕು, ಕಾನೂನೇ ಹಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲೆಗೊಂದು ಎಸ್.ಎಂ.ಸಿ., ಅಂದರೆ ಶಾಲಾ ನಿರ್ವಹಣಾ ಸಮಿತಿ, ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ಮಕ್ಕಳ ಹೆತ್ತವರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಶಾಲೆ ಹೇಗೆ ನಡೆಯುತ್ತದೆ ಅಂತ ನೋಡುವುದು, ಬಂದ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವುದು, ಅಭಿವೃದ್ಧಿ ಯೋಜನೆ ಮಾಡುವುದು, ಎಲ್ಲಾ ನಮ್ಮ ಕೆಲಸ. ನನ್ನನ್ನು ಯಾಕೆ ಆರಿಸಿದರು ಅಂತ ಕೇಳಬೇಡಿ. ಆ ದಿನ ಮೀಟಿಂಗಿಗೆ ಹೋಗಿದ್ದೆ, ಅಷ್ಟೇ.

ಹೊಸ ಪಠ್ಯಕ್ರಮದ ಬಗ್ಗೆ ಸಮಿತಿಯವರೂ ತಿಳಿದುಕೊಳ್ಳಬೇಕು ಅಂತ ಈಗ ಮೇಲಿಂದ ಆದೇಶ ಬಂತು. ತಿಳಿದುಕೊಂಡು ಏನು ಮಾಡಬೇಕು ಅಂತ ಆದೇಶದಲ್ಲಿ ಇರಲಿಲ್ಲ. ಇರುವುದು ಸಾಧ್ಯವೂ ಇಲ್ಲ ಬಿಡಿ. ಅದೇ ಕಾಯ್ದೆಯ 29ನೇ ಸೆಕ್ಷನ್ ನೋಡಿದರೆ, ಪಠ್ಯಕ್ರಮ ತೀರ್ಮಾನ ಮಾಡುವುದು ಸರಕಾರ ಹೇಳಿದ ಪ್ರಾಧಿಕಾರ. ಅಂದರೆ ಶಾಲೆಯ ಬಾವಿ, ಬೇಲಿ, ಕಕ್ಕಸು ನಮ್ಮ ಉಸ್ತುವಾರಿ. ಒಳಗೆ ಮಕ್ಕಳು ಏನು ಕಲಿಯುತ್ತಾರೆ ಅನ್ನುವುದು ತಿರುವನಂತಪುರದ ಉಸ್ತುವಾರಿ. ಅದು ಇರುವುದು ರಾಜ್ಯದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ.

ಪಠ್ಯಕ್ರಮ ಬದಲಾಗುವುದು ನಮಗೇನೂ ಹೊಸತಲ್ಲ. 1990ರ ದಶಕದಲ್ಲಿ ಡಿ.ಪಿ.ಇ.ಪಿ. ಅನ್ನುವ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಬಂದಾಗ ಕೇರಳದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಅದರಲ್ಲಿ ಹಾಡಿ ಕುಣಿದು ಕಲಿತವರು ಈಗ ಅಪ್ಪಂದಿರಾಗಿ ಸಮಿತಿಯಲ್ಲಿ ಕೂತಿದ್ದಾರೆ. ಆಮೇಲೆ 2007ರ ಪಠ್ಯಕ್ರಮ ಚೌಕಟ್ಟು ಬಂತು, ಈಗ 2023ರದ್ದು. 2022ರಲ್ಲಿ ಇದಕ್ಕಾಗಿ ಊರೂರಲ್ಲಿ ಜನರ ಅಭಿಪ್ರಾಯ ಕೇಳಿದರು, ಕ್ಲಾಸಿನಲ್ಲಿ ಮಕ್ಕಳನ್ನೂ ಕೇಳಿದರು. 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತಕ್ಕೆ ಹೊಸ ಪುಸ್ತಕ. ಮರುವರ್ಷ ಎರಡು, ನಾಲ್ಕು, ಆರು, ಎಂಟು, ಹತ್ತಕ್ಕೆ. ಹಾಗಾಗಿ ಆ ಒಂದು ವರ್ಷ ಅಕ್ಕ ಹೊಸ ಕಾಲದಲ್ಲಿ, ತಂಗಿ ಹಳೇ ಕಾಲದಲ್ಲಿ, ಇಬ್ಬರೂ ಒಂದೇ ಕೊಡೆಯಡಿ ಶಾಲೆಗೆ ಹೋಗುತ್ತಿದ್ದರು.

ಮೀಟಿಂಗಿನ ದಿನ ಜೋರು ಮಳೆ. ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ಹೊಸ ಪಠ್ಯಕ್ರಮ ವಿವರಿಸಲು ಬಂದ ಸಂಪನ್ಮೂಲ ವ್ಯಕ್ತಿಯ ಮಾತು ಅರ್ಧ ಕೇಳಲಿಲ್ಲ. ಉಳಿದರ್ಧ ಕೇಳಿತು, ಅದು ಮಲಯಾಳದಲ್ಲಿತ್ತು. ಪ್ರೊಜೆಕ್ಟರಿನಲ್ಲಿ ಬಂದ ಸ್ಲೈಡುಗಳೂ ಮಲಯಾಳವೇ. ಶಾಲೆ ಕನ್ನಡ ಮಾಧ್ಯಮ. ಕೂತವರು ಮನೆಯಲ್ಲಿ ಆಡುವುದು ತುಳು, ಬ್ಯಾರಿ, ಕೊಂಕಣಿ, ಮರಾಠಿ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದರ ನಾಲ್ಕೈದು ಸಂಗಮ ಅಲ್ಲೇ ಬೆಂಚಿನ ಮೇಲಿತ್ತು. ಹೀಗಿರುವಾಗ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂದ ಸ್ಲೈಡ್ ಯಾವುದು ಗೊತ್ತಾ? ಮಗುವಿನ ಮನೆಭಾಷೆಗೆ ಆದ್ಯತೆ ಕೊಡಬೇಕು ಅಂತ. ನನಗೆ ಮಲಯಾಳ ಓದಲು ಬರುತ್ತದೆ, ಹಾಗಾಗಿ ನಗು ಬಂತು. ಪಕ್ಕದವರಿಗೆ ಓದಲು ಬರುವುದಿಲ್ಲ, ಅವರು ಗಂಭೀರವಾಗಿ ತಲೆಯಾಡಿಸಿದರು.

ಎಚ್.ಎಂ. ಟೀಚರ್, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಪಾಪ, ಒಳ್ಳೆಯವರು. ಪ್ರತಿ ಸ್ಲೈಡ್ ಆದ ಮೇಲೆ ಕನ್ನಡದಲ್ಲಿ ಸಾರಾಂಶ ಹೇಳಿದರು. ಹತ್ತು ನಿಮಿಷದ ಸ್ಲೈಡ್ ಆದರೂ, ಒಂದು ನಿಮಿಷದ್ದಾದರೂ ಸಾರಾಂಶ ಒಂದೇ: "ಮಕ್ಕಳ ಸರ್ವತೋಮುಖ ಬೆಳವಣಿಗೆ." ವಾರ್ಡ್ ಮೆಂಬರ್ ಫೋನಿನಿಂದ ತಲೆಯೆತ್ತಿ "ಬಾರೀ ಎಡ್ಡೆ ಉಂಡು" ಅಂದರು, ತುಳುವಿನಲ್ಲಿ ತುಂಬಾ ಚೆನ್ನಾಗಿದೆ ಅಂತ. ಯಾವುದು ಅಂತ ಹೇಳಲಿಲ್ಲ.

ಹಿಂದಿನ ಬೆಂಚಿನಿಂದ ಬೀಡಿ ಕಟ್ಟುವ ಅಕ್ಕ ಒಬ್ಬರು ಎದ್ದು ನಿಂತರು. "ಟೀಚರೇ, ನನ್ನ ಮಗಳು ಮೂರನೇ ಕ್ಲಾಸು. ಚಿತ್ರ ಚೆಂದ ಬಿಡಿಸ್ತಾಳೆ, ಪ್ರಾಜೆಕ್ಟ್ ಎಲ್ಲಾ ಮಾಡ್ತಾಳೆ. ಆದ್ರೆ ಬಸ್ಸಿನ ಬೋರ್ಡ್ ಓದ್ಲಿಕ್ಕೆ ಬರುದಿಲ್ಲ. ಅದು ಯಾವ ಸ್ಲೈಡಿನಲ್ಲಿ ಉಂಟು?" ಇಡೀ ಮೀಟಿಂಗಿನಲ್ಲಿ ಪಠ್ಯಕ್ರಮದ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆ ಅದೊಂದೇ. ಸಂಪನ್ಮೂಲ ವ್ಯಕ್ತಿಗೆ ತರ್ಜುಮೆ ಮಾಡಿ ಹೇಳಲಾಯಿತು. ಅವರು ಸ್ವಲ್ಪ ಯೋಚಿಸಿ, ಕಲಿಕೆ ಒಂದು ಪ್ರಕ್ರಿಯೆ ಅಂದರು. ಅದನ್ನು ಪುನಃ ಕನ್ನಡಕ್ಕೆ ಮಾಡಿದಾಗ ಸರ್ವತೋಮುಖ ಬೆಳವಣಿಗೆ ಅಂತಾಯಿತು. ಅಕ್ಕ ಕೂತರು.

ಸಭೆಗೆ ಜೀವ ಬಂದದ್ದು ಆಮೇಲೆ, ಮಧ್ಯಾಹ್ನದ ಊಟದ ವಿಷಯ ಬಂದಾಗ. 2025ರ ಆಗಸ್ಟಿನಿಂದ ಹೊಸ ಮೆನು ಬಂದಿದೆಯಲ್ಲ, ಎಗ್ ಫ್ರೈಡ್ ರೈಸ್, ವೆಜಿಟೆಬಲ್ ಬಿರಿಯಾನಿ ಎಲ್ಲಾ. ಅಲ್ಲಿವರೆಗೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದವರೂ ಪರಿಣತರಾದರು. ಫ್ರೈಡ್ ರೈಸಿಗೆ ಯಾವ ಅಕ್ಕಿ, ಮೊಟ್ಟೆ ಬೇಡದವರಿಗೆ ಏನು, ಒಬ್ಬರೇ ಅಡುಗೆಯವರು ಇಷ್ಟನ್ನೆಲ್ಲ ಯಾವಾಗ ಮಾಡಬೇಕು. ನಿಜ ಹೇಳುತ್ತೇನೆ, ಅತ್ಯಂತ ಉಪಯುಕ್ತ ಚರ್ಚೆ ಅದು. ಯಾಕೆಂದರೆ ಅಲ್ಲಿ ಮಾತಾಡಿದ ಪ್ರತಿಯೊಬ್ಬರಿಗೂ ವಿಷಯ ಗೊತ್ತಿತ್ತು.

ಕನ್ನಡ ಪುಸ್ತಕ ಯಾವಾಗ ಪೂರ್ತಿ ಬರುತ್ತದೆ, ಖಾಲಿ ಇರುವ ಜಾಗಕ್ಕೆ ಕನ್ನಡ ಬಲ್ಲ ಟೀಚರ್ ಬರುತ್ತಾರಾ ಅಂತ ನಾನೂ ಕೇಳಿದೆ. ಅದು ಇವತ್ತಿನ ಅಜೆಂಡಾದಲ್ಲಿ ಇಲ್ಲ ಅಂದರು. ಹಿಂದಿನ ಮೀಟಿಂಗಿನ ಅಜೆಂಡಾದಲ್ಲೂ ಇರಲಿಲ್ಲ. ಅಷ್ಟರಲ್ಲಿ ಚಾ, ಗೋಳಿಬಜೆ ಬಂತು. ಬ್ಯಾನರ್ ಹಿಡಿದು ಫೋಟೋ ತೆಗೆದೆವು. ಬ್ಯಾನರ್ ಮಾತ್ರ ಅಚ್ಚಗನ್ನಡದಲ್ಲಿತ್ತು, ಅದನ್ನು ಮಾಡಿಸಿದ್ದು ಪಿ.ಟಿ.ಎ. (ರಕ್ಷಕ-ಶಿಕ್ಷಕ ಸಂಘ) ದುಡ್ಡಿನಲ್ಲಿ.

ಕೊನೆಗೆ ಮಿನಿಟ್ಸ್ ಪುಸ್ತಕ ಸುತ್ತು ಬಂತು. "ನೂತನ ಪಠ್ಯಕ್ರಮದ ಬಗ್ಗೆ ಸಮಗ್ರ ಚರ್ಚೆ ನಡೆದು, ಸದಸ್ಯರಿಗೆ ಮನವರಿಕೆಯಾಗಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು." ನಾವು ಅಂಗೀಕರಿಸದಿದ್ದರೆ ಏನಾಗುತ್ತಿತ್ತು ಅಂತ ಕೇಳೋಣ ಅನ್ನಿಸಿತು. ಪುಸ್ತಕಗಳು ಹೇಗೂ ಮಕ್ಕಳ ಚೀಲದಲ್ಲೇ ಇದ್ದವು, ಸುಮ್ನೆ ಯಾಕೆ ಅಂತ ಸೈನ್ ಹಾಕಿದೆ. ಬೀಡಿ ಅಕ್ಕನೂ ಹಾಕಿದರು. ಅವರ ಪ್ರಶ್ನೆ ಮಿನಿಟ್ಸಿನಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ತಿಂಗಳು ಬಿ.ಆರ್.ಸಿ.ಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ) ಇನ್ನೊಂದು ತರಬೇತಿಯಂತೆ. ಪಠ್ಯಕ್ರಮವನ್ನು ಸಮಿತಿ ಹೇಗೆ ಮೌಲ್ಯಮಾಪನ ಮಾಡಬೇಕು ಅಂತ ಕಲಿಸುತ್ತಾರಂತೆ. ಶಾಲೆಯಿಂದ ಒಬ್ಬರು ಹೋಗಬೇಕು. ನನ್ನ ಹೆಸರು ಕೊಟ್ಟಿದ್ದಾರೆ, ಮಲಯಾಳ ಓದಲು ಬರುತ್ತದಲ್ಲ.