ವಿಜಯಪುರಕ್ಕೆ ನಾಯಿ ಕರ್ಕೊಂಡು ಬರೋರಿಗೆ

ನಾಯಿ ಜೊತೆ ವಿಜಯಪುರಕ್ಕೆ ಬಂದು ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡನ್ನೂ ನೋಡಿ ಎಂದು ಒಂದು ಲೇಖನದಲ್ಲಿ ಓದಿದೆ. ಖಂಡಿತ ಬನ್ನಿ, ನಮಗೂ ಖುಷಿ. ಆದರೆ ಇವೆರಡೂ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳು. 1959ರ ನಿಯಮದ ಪ್ರಕಾರ ಒಳಗೆ ಸಾಕುಪ್ರಾಣಿ ತರುವಂತಿಲ್ಲ. ಹಾಗಾಗಿ ನಿಮ್ಮ ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರು ನೋಡಿ ಬರುವ ತನಕ ಮತ್ತೊಬ್ಬರು ನಾಯಿ ಹಿಡಿದು ಹೊರಗೆ ನೆರಳಲ್ಲಿ ಕೂತಿರಲಿ.

ದಯವಿಟ್ಟು ಕಾರಿನಲ್ಲಿ ಮಾತ್ರ ಬಿಟ್ಟು ಹೋಗಬೇಡಿ! ಗಾಜು ಸ್ವಲ್ಪ ಇಳಿಸಿದರೂ ಒಳಗೆ ಕಾವು ಏರುತ್ತಲೇ ಇರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡ್ಕೋಬೇಕು, ಪಾಪ. ನಮ್ಮ ಮನೆಯದು ಮುಧೋಳ ನಾಯಿ. ಈ ಕಡೆ ಬಿಸಿಲಲ್ಲೇ ಬೆಳೆದ ತಳಿ ಅಲ್ವಾ, ಆದರೂ ಮೇ ತಿಂಗಳ ಮಧ್ಯಾಹ್ನ ಹೊಸ್ತಿಲು ದಾಟುವುದಿಲ್ಲ. ಕಡಪಾ ಕಲ್ಲಿನ ಮೇಲೆ ಹೊಟ್ಟೆ ಒತ್ತಿ ಮಲಗಿರುತ್ತದೆ. ನವೆಂಬರ್‌ನಿಂದ ಜನವರಿ ಒಳಗೆ ಬಂದರೆ ಒಳ್ಳೆಯದು.

ರೈಲಿನಲ್ಲಿ ಬರುವುದಾದರೆ ಸ್ಲೀಪರ್‌ನಲ್ಲಿ ನಾಯಿ ಬಿಡುವುದಿಲ್ಲ. ಫಸ್ಟ್ ಕ್ಲಾಸ್‌ನಲ್ಲಿ ಇಡೀ ಕೂಪೆ (ಬಾಗಿಲಿರುವ ಸಣ್ಣ ಕೋಣೆ) ನಿಮ್ಮದೇ ಆಗಿರಬೇಕು. ಲಾಡ್ಜ್‌ಗೆ ಮೊದಲೇ ಫೋನ್ ಮಾಡಿ ಕೇಳಿ, ರೇಬೀಸ್ ಲಸಿಕೆ ಕಾರ್ಡ್ ಜೊತೆಗಿಟ್ಕೊಳ್ಳಿ.