ಹೂಗುಚ್ಛ ಇಟ್ಟ ಮೇಲಿನ ಕೆಲಸ

ಎನ್‌ಡಿಎಯಲ್ಲಿ (ಸೇನಾಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಜೊತೆಗೆ ಕಲಿತು ಈಗ ಎಪ್ಪತ್ತೈದು ದಾಟಿರುವ ಗೆಳೆಯರು ಬೆಂಗಳೂರಿನ ಸೈನಿಕ ಸ್ಮಾರಕಕ್ಕೆ ಹೋಗಿ, 1971ರ ಯುದ್ಧದಲ್ಲಿ ಮಡಿದ ಸಹಪಾಠಿಗಳಿಗೆ ನಮಿಸಿದ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿ ಖುಷಿಯಾಯ್ತು. ನಮ್ಮ ಮಾವನವರೂ ಇದೇ ಪೈಕಿ. ಜನರಲ್ ಆಗಿ ನಿವೃತ್ತರಾದವರನ್ನೂ ಇವರು ಕರೆಯೋದು "ಲೋ ಗುಂಡ" ಅಂತಲೇ!

ಆದರೆ ವರದಿ ಹೂಗುಚ್ಛ, ಬ್ಯೂಗಲ್ಲಿಗೇ ನಿಂತುಬಿಟ್ಟಿದೆ. ಪುಣೆ ಬಳಿಯ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಕೆಡೆಟ್‌ಗಳೇ ಶ್ರಮದಾನ ಮಾಡಿ ಕಟ್ಟಿದ 'ಹಟ್ ಆಫ್ ರಿಮೆಂಬ್ರೆನ್ಸ್' ಇದೆ, ಹುತಾತ್ಮರ ಹೆಸರು ಅಲ್ಲಿರುತ್ತೆ. ಮುಂಬೈ ದಾಳಿಯಲ್ಲಿ ಪ್ರಾಣಕೊಟ್ಟ ನಮ್ಮ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೂಡ ಅಲ್ಲೇ ಕಲಿತವರು. ಆದರೆ ನಿವೃತ್ತಿಯ ನಂತರ ಬಿಪಿ, ಶುಗರ್, ಹಾರ್ಟ್ ಅಂತ ಮನೆಯಲ್ಲೇ ತೀರಿಕೊಂಡವರಿಗೆ ಯಾವ ಕಲ್ಲಿದೆ ಹೇಳಿ? ಅವರನ್ನು ನೆನಪಿಟ್ಟುಕೊಳ್ಳೋದು ಕೋರ್ಸ್‌ಮೇಟ್‌ಗಳೇ.

ಇವರ ಕೋರ್ಸ್ ಪಟ್ಟಿಯಿಂದ ತೀರಿಕೊಂಡವರ ಹೆಸರು ಅಳಿಸಲ್ಲ, ಪಕ್ಕದಲ್ಲಿ ಹೆಂಡತಿಯ ಫೋನ್ ನಂಬರ್ ಸೇರಿಸ್ತಾರೆ. ನವೆಂಬರ್ ಬಂತೆಂದರೆ ಒಬ್ಬೊಬ್ಬರಿಗೂ ಫೋನ್: "ಅಮ್ಮಾ, ಲೈಫ್ ಸರ್ಟಿಫಿಕೇಟ್ ಕೊಟ್ಟಾಯ್ತಾ?" ಸ್ಪರ್ಶ್ ಅನ್ನೋ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಕುಟುಂಬ ಪಿಂಚಣಿಯ ವಿವರ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಕಾರ್ಡು, ಆಸ್ಪತ್ರೆಗೆ ಬೇಕಾದ ರೆಫರಲ್, ಎಲ್ಲಕ್ಕೂ ಯಾರಾದರೊಬ್ಬರು ಕೋಲೂರಿಕೊಂಡಾದರೂ ಜೊತೆಗೆ ಹೋಗ್ತಾರೆ. (ಮಾವನಿಗೆ ಸ್ವಂತ ಮಾತ್ರೆ ನುಂಗೋದು ಮಾತ್ರ ನೆನಪಿರಲ್ಲ!) ನನ್ನ ಮಟ್ಟಿಗೆ ಇದು ಮಾಲಾರ್ಪಣೆಗಿಂತ ದೊಡ್ಡ ಗೌರವ.

ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಡಿಸೆಂಬರ್ 16ಕ್ಕೆ, 1971ರ ಯುದ್ಧದ ವಿಜಯ ದಿನಕ್ಕೆ, ಬರೆಯುವಾಗ ತೀರಿಕೊಂಡವರ ಆ ಹೆಂಡತಿಯರನ್ನೂ ಮಾತಾಡಿಸಿ. ಫೋಟೋದಲ್ಲಿ ಅವರು ಹಿಂದಿನ ಸಾಲಲ್ಲಿದ್ದರು, ಹೆಸರೂ ಹಾಕಿಲ್ಲ ನೀವು.