ಜೀವನಾಂಶ ಬೇಡ ಅಂದಿದ್ದೆ

“ಅವರ ಒಂದು ರೂಪಾಯಿಯೂ ನನಗೆ ಬೇಡ ಮೇಡಂ. ಬಿಡುಗಡೆ ಸಿಕ್ಕರೆ ಸಾಕು.”

ನಾಲ್ಕು ವರ್ಷದ ಹಿಂದೆ ಲಾಯರ್ ಎದುರು ಕೂತು ನಾನು ಹೇಳಿದ ಮಾತು ಇದು. ಗಂಡನಿಗೆ ಇನ್ನೊಬ್ಬರ ಜೊತೆ ಸಂಬಂಧ ಇದೆ ಅಂತ ಗೊತ್ತಾಗಿ ಎರಡೇ ತಿಂಗಳಾಗಿತ್ತು. ಆ ದುಡ್ಡು ಮುಟ್ಟೋದೇ ಅಸಹ್ಯ ಅನ್ನಿಸುತ್ತಿತ್ತು. ಅಮ್ಮನೂ “ಬೇಡ ಬಿಡೇ, ನಾವಿದ್ದೀವಿ” ಅಂದಿದ್ದರು. ದೊಡ್ಡಮ್ಮನ ಮಾತೇ ಬೇರೆ. “ಬಿಡಬೇಡ, ಚೆನ್ನಾಗಿ ಹಿಂಡು. ಬುದ್ಧಿ ಬರಲಿ ಅವನಿಗೆ.”

ಲಾಯರ್ ಮೇಡಂ ಇದನ್ನೆಲ್ಲ ಕೇಳಿಸಿಕೊಂಡು, “ನೀವು ಕೆಲಸ ಬಿಟ್ಟಾಗ ಸಂಬಳ ಎಷ್ಟಿತ್ತು?” ಅಂತ ಕೇಳಿದರು.

2011ರಲ್ಲಿ 24 ಸಾವಿರ. ಮಗಳು ಹುಟ್ಟಿದಾಗ ಬಿಟ್ಟೆ. ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು, ವಾಪಸ್ ಹೋಗೋಕೆ ಆಗಲೇ ಇಲ್ಲ. ಆ ಹತ್ತು ವರ್ಷದಲ್ಲಿ ಗಂಡನಿಗೆ ಮೂರು ಪ್ರಮೋಷನ್ ಆಯಿತು, ಒಂದು ವರ್ಷ ಜರ್ಮನಿಗೂ ಹೋಗಿ ಬಂದರು. ನನ್ನ ಜೊತೆ ಕೆಲಸಕ್ಕೆ ಸೇರಿದವಳು ಈಗ ಮ್ಯಾನೇಜರ್. ಅವತ್ತು ರಾತ್ರಿ ಮಗಳ ಹಳೇ ನೋಟ್‌ಬುಕ್‌ನಲ್ಲಿ ಇದನ್ನೆಲ್ಲ ಬರೆಯುತ್ತಾ ಕೂತೆ. ಆ ಲೆಕ್ಕದಲ್ಲಿ ಆ ಹೆಂಗಸಿನ ಹೆಸರು ಎಲ್ಲೂ ಬರಲಿಲ್ಲ. ನನ್ನ ಗಂಡ ರಾಮನಂತೆ ಇದ್ದು ಡೈವೋರ್ಸ್ ಆಗಿದ್ದರೂ ಲೆಕ್ಕ ಅಷ್ಟೇ ಇರುತ್ತಿತ್ತು.

ಅಮ್ಮ, ದೊಡ್ಡಮ್ಮ, ನಾನು, ಮೂವರೂ ಜೀವನಾಂಶ ಅಂದರೆ ತಪ್ಪಿಗೆ ಹಾಕುವ ದಂಡ ಅಂದುಕೊಂಡಿದ್ದೆವು. ಕೋರ್ಟ್ ಹಾಗೆ ನೋಡಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಐಪಿಸಿಯ (ಭಾರತೀಯ ದಂಡ ಸಂಹಿತೆ) 497ನೇ ಸೆಕ್ಷನ್ ರದ್ದು ಮಾಡಿದ ಮೇಲೆ ಅಕ್ರಮ ಸಂಬಂಧ ಅಪರಾಧವಾಗಿ ಉಳಿದಿಲ್ಲ, ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. 2024ರ ಡಿಸೆಂಬರ್‌ನಲ್ಲಿ ಹೆಂಡತಿಗೆ 5 ಕೋಟಿ ಕೊಡಿಸಿದ ತೀರ್ಪಿನಲ್ಲೂ, ಇದು ಗಂಡನನ್ನು ಶಿಕ್ಷಿಸುವಂತಿರಬಾರದು, ಹೆಂಡತಿ ಮರ್ಯಾದೆಯಿಂದ ಬದುಕುವಂತಾಗಬೇಕು ಅಂತಲೇ ಸುಪ್ರೀಂ ಕೋರ್ಟ್ ಹೇಳಿದ್ದು.

ಆದರೆ ಮೋಸಕ್ಕೂ ದುಡ್ಡಿಗೂ ಸಂಬಂಧವೇ ಇಲ್ಲ ಅಂದರೆ ಅದನ್ನು ನಾನು ಒಪ್ಪಲ್ಲ. ನನ್ನ ಬಳೆ ಅಡ ಇಟ್ಟು ತಂದ ಸಾಲ ಆ ಸಂಬಂಧಕ್ಕೇ ಖರ್ಚಾಗಿತ್ತು. ಅದನ್ನು ನಾನು ಬಿಡಲಿಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಇಬ್ಬರ ನಡವಳಿಕೆಯನ್ನೂ ನೋಡಬಹುದು ಅನ್ನುತ್ತದೆ. ಸಂಸಾರದ ದುಡ್ಡು ಹೊರಗೆ ಹರಿದಿದ್ದರೆ ಅದು ವಾಪಸ್ ಬರಲೇಬೇಕು, ಅಲ್ವಾ?

ಹೋದ ವಾರ ತಮ್ಮನ ಗೆಳೆಯ ಮನೆಗೆ ಬಂದಿದ್ದ. ಅವನದು ಉಲ್ಟಾ ಕಥೆ, ತಪ್ಪಿದ್ದು ಹೆಂಡತಿ. “ನನಗೆ ದ್ರೋಹ ಮಾಡಿದವಳಿಗೆ ನಾನು ಯಾಕೆ ಕೊಡಬೇಕು ಅಕ್ಕಾ?” ಅಂದ. ಕಣ್ಣು ತುಂಬಿತ್ತು. ತಕ್ಷಣ ಉತ್ತರ ಹೊಳೆಯಲಿಲ್ಲ. ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 125, ಅದರ ಬದಲಿಗೆ ಈಗ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ, ಪರಪುರುಷನ ಜೊತೆ ಸಂಬಂಧ ಮುಂದುವರಿಸಿಕೊಂಡೇ ಇರುವ ಹೆಂಡತಿಗೆ ಜೀವನಾಂಶ ಇಲ್ಲ. ಜೀವನಾಂಶ ಇಲ್ಲ ಅನ್ನೋಕೆ ಒಮ್ಮೆ ಎಡವಿದ್ದು ಸಾಲದು ಅಂತ ಹೈಕೋರ್ಟ್‌ಗಳು ಹೇಳಿವೆ. ಅವನ ಹೆಂಡತಿ ಅವನಷ್ಟೇ ದುಡಿಯುತ್ತಾಳೆ, ಮಕ್ಕಳಿಲ್ಲ. “ನೀನು ಏನೂ ಕೊಡಬೇಕಿಲ್ಲ” ಅಂದೆ. “ಆದರೆ ಅವಳು ನಿನ್ನ ಮಕ್ಕಳಿಗೋಸ್ಕರ ಎಂಟು ವರ್ಷ ಕೆಲಸ ಬಿಟ್ಟು ಕೂತಿದ್ದರೆ, ಆ ಎಂಟು ವರ್ಷದ ಲೆಕ್ಕ ನೀನು ಕೊಡಬೇಕಿತ್ತು” ಅಂತಲೂ ಅಂದೆ. “ನೀವೂ ಹೆಂಗಸೇ ಅಲ್ವಾ” ಅಂದು ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಅವನ ನೋವು ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮಾತು ಬದಲಾಗಿಲ್ಲ. ಒಬ್ಬರು ತಪ್ಪಿದ್ದಕ್ಕೆ, ಅದಕ್ಕೂ ಮುಂಚೆ ಅವರು ಮನೆಗೆ ತೇದ ವರ್ಷಗಳು ಸುಳ್ಳಾಗಲ್ಲ.

ಈಗ ಮ್ಯೂಚುವಲ್ ಡೈವೋರ್ಸ್‌ಗೆ (ಇಬ್ಬರೂ ಒಪ್ಪಿ ಬೇರೆಯಾಗೋದು) ಸಹಿ ಹಾಕೋಕೆ ಹೊರಟಿರುವ ಅಕ್ಕತಂಗಿಯರೇ, ಒಂದು ಮಾತು. ಬೇಗ ಮುಗಿದರೆ ಸಾಕು ಅಂತ “ಇನ್ನು ಏನೂ ಕೇಳಲ್ಲ” ಅನ್ನುವ ಸಾಲಿಗೆ ಸುಮ್ನೆ ಸಹಿ ಹಾಕಬೇಡಿ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ನಮ್ಮ ಕೇಸಿನಲ್ಲಿ ನನಗೆ ಗೊತ್ತೇ ಇರದ ಒಂದು ಸೈಟು ಹೊರಬಿದ್ದಿದ್ದು ಅದರಿಂದಲೇ. ಮಗುವಿನ ಪಾಲಂತೂ ಮಗುವಿನದು, ಅದನ್ನು ಬಿಟ್ಟುಕೊಡೋಕೆ ನಿಮಗೂ ಹಕ್ಕಿಲ್ಲ.

ಅಫಿಡವಿಟ್ ತುಂಬೋಕೆ ಭಯ ಆದರೆ ಇನ್‌ಬಾಕ್ಸ್‌ಗೆ ಬನ್ನಿ. ನಾನು ಹೇಗೆ ತುಂಬಿದೆ ಅಂತ ಕೂತು ಹೇಳುತ್ತೇನೆ. ರಾತ್ರಿ ಒಂಬತ್ತರ ಮೇಲೆ ನಾನು ಬಿಡುವಾಗಿರುತ್ತೇನೆ.